ಹೆಸರು ನಂದು, ಮನಿ ಗೌಂಡೀದು

ಕರಣಕೋಟದಲ್ಲಿ ಹುಟ್ಟಿದವನಿಗೆ ಮನೆ ಕಟ್ಟುವ ಸಾಮಾನಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಊರಿಗೇ ಅಂಟಿಕೊಂಡಂತೆ ಸಿಸಿಐ ಸಿಮೆಂಟ್ ಫ್ಯಾಕ್ಟರಿ. ಸುತ್ತಮುತ್ತ ತಾಂಡೂರಿನ ಪರ್ಸಿ ಹಾಸುಗಲ್ಲಿನ ಖಣಿಗಳು. ನಮ್ಮ ಕಡೆ ನೆಲಕ್ಕೂ ಪರ್ಸಿ, ಮಾಳಿಗೆಗೂ ಪರ್ಸಿ, ಹೊಲದ ಸುತ್ತ ಬೇಲಿ ಬೇಕೆಂದರೂ ಪರ್ಸಿಯನ್ನೇ ಎಬ್ಬಿಸಿ ನಿಲ್ಲಿಸುತ್ತಾರೆ. ಇಷ್ಟಿದ್ದೂ ನಾನು ಮನೆ ಕಟ್ಟೋದು ಕಲಿಯಲು ಹೈದರಾಬಾದಿಗೆ ಹೊರಟೆ.

ಸುದ್ದಿ ಕೇಳಿ ಸೋದರಮಾವ ಬಂದರು.

“ಆರ್ಕಿಟೆಕ್ಟ್ ಅಂದ್ರ ಇಂಜಿನಿಯರ್ ಏನೋ ಅಳಿಯಾ?”

“ಅಲ್ಲ ಮಾಮಾ.”

“ಮತ್ತ ಗೌಂಡಿ?”

“ಅದೂ ಅಲ್ಲ. ಮನಿ ಹ್ಯಾಂಗ್ ಇರಬೇಕು ಅಂತ ವಿಚಾರ ಮಾಡೋದು.”

“ಅದನ್ನ ನಿಮ್ಮತ್ತಿ ಪುಕ್ಕಟ ಮಾಡ್ತಾಳಲ್ಲೋ! ಅದಕ್ಕ ಐದು ವರ್ಷ ಯಾಕ ಬೇಕು?”

ಐದು ವರ್ಷ ಯಾಕೆ ಬೇಕೆಂಬುದು ನನಗೂ ಬಹಳ ದಿನ ತಿಳಿಯಲಿಲ್ಲ. ಮೊದಲ ಕೆಲವು ತಿಂಗಳು ಬರೀ ಗೆರೆ ಎಳೆದೆವು. ಆಮೇಲೆ ಮಾಡೆಲ್. ರಾತ್ರಿ ಮೂರು ಗಂಟೆಗೆ ಸನ್‌ಬೋರ್ಡಿನ ಗೋಡೆಗೆ ಫೆವಿಕ್ವಿಕ್ ಹಾಕಲು ಹೋದರೆ ಅಂಟುತ್ತಿದ್ದುದು ನನ್ನ ಎರಡು ಬೆರಳು. ಬೆಳಿಗ್ಗೆ ಜ್ಯೂರಿ. ಹೊರಗಿನಿಂದ ಬಂದ ಹಿರಿಯರೊಬ್ಬರು ನನ್ನ ಶೀಟಿನ ಮುಂದೆ ನಿಂತು, “ಕಾನ್ಸೆಪ್ಟ್ ಎಲ್ಲಿ?” ಅಂದರು. ರೈಲಿನಲ್ಲೇ ಬಿಟ್ಟು ಬಂದೆನೇನೋ ಎಂಬಂತೆ ನಾನೂ ಹುಡುಕಿದೆ.

ಮಾನ ಉಳಿಸಿದ್ದು ಪರ್ಸಿ. ಒಂದು ದಿನ ಮೇಷ್ಟ್ರು ಕರವಸ್ತ್ರ ಬಿಚ್ಚಿ ಅಂಗೈಯಗಲದ ನೀಲಿ ಕಲ್ಲೊಂದನ್ನು ಕ್ಲಾಸಿನಲ್ಲಿ ಕೈಯಿಂದ ಕೈಗೆ ದಾಟಿಸಿದರು. ಒಬ್ಬೊಬ್ಬರೂ ಕಣ್ಣು ಮುಚ್ಚಿ ಸವರಿದರು. ನನ್ನ ಕೈಗೆ ಬಂದಾಗ ಗುರುತು ಸಿಕ್ಕಿತು: ನಮ್ಮ ಎಮ್ಮೆ ಮಲಗುವ ಕಲ್ಲು! ಹಾಗೆಂದು ಹೇಳಿಯೂ ಬಿಟ್ಟೆ. ಕ್ಲಾಸು ನಗಲಿಲ್ಲ, ಮೇಷ್ಟ್ರು ನನ್ನನ್ನು ಮುಂದೆ ಕರೆದರು. ಪದರು ನೋಡಿ ಉಳಿ ಇಡುವುದು, ಹಾರೆ ಹಾಕಿ ಮೀಟಿದರೆ ಹಪ್ಪಳದಂತೆ ಚಪ್ಪಡಿ ಏಳುವುದು, ಬಡಿದಾಗ ಠಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಬಿರುಕು — ಎಲ್ಲ ಹೇಳಿದೆ. ಆ ಸೆಮಿಸ್ಟರ್ ಪೂರ್ತಿ ನಾನು ಪರ್ಸಿ ಪಂಡಿತ.

ಕೊನೆಗೆ ಡಿಗ್ರಿ ಬಂತು, ಆರ್ಕಿಟೆಕ್ಟರ ಕೌನ್ಸಿಲಿನ ನೋಂದಣಿ ನಂಬರೂ ಬಂತು. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಎದೆಯುಬ್ಬಿಸಿಕೊಂಡೆ. ಆದರೆ 2020ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಸ್ಪಷ್ಟಪಡಿಸಿದೆ: ಈ ಕಾಯ್ದೆ ಕಾಯುವುದು ಹೆಸರನ್ನು; ಕಟ್ಟಡ ವಿನ್ಯಾಸದ ಕೆಲಸ ಬೇರೆಯವರು ಮಾಡಿದರೆ ಅದು ಅಡ್ಡಿ ಮಾಡುವುದಿಲ್ಲ. ಅಂದರೆ ಹೆಸರು ನನಗೆ, ಕೆಲಸ ಗೌಂಡಿಗೆ. ನ್ಯಾಯವೇ ಬಿಡಿ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಅಂಗಳವನ್ನೂ ಬಿಡದೆ ಪೂರ್ತಿ ಮಾಳಿಗೆ ಹೊದಿಸಿದ ಜಾಮಿಯಾ ಮಸೀದಿ ಕಟ್ಟಿದವರ ಬಳಿ ಯಾವ ಕೌನ್ಸಿಲಿನ ನಂಬರಿತ್ತು?

ಮೊದಲ ಗಿರಾಕಿ ಮಾಮಾನೇ. ಪ್ಲಾನ್ ಹರವಿದೆ. ನಾವು ಅಳತೆ ಬರೆಯುವುದು ಮಿಲಿಮೀಟರಿನಲ್ಲಿ. ಕೋಣೆಯೊಳಗೆ ‘3600’ ಕಂಡು ಮಾಮಾ ಹೌಹಾರಿದರು: “ಇದೇನು, ಒಂದೊಂದು ಖೋಲಿಗೆ ಬ್ಯಾರೆ ಬ್ಯಾರೆ ರೇಟ್ ಹಚ್ಚೀಯೇನೋ?”

ಗೌಂಡಿ ಕಾಕಾ ಹಾಳೆಯನ್ನು ಒಂದು ಸುತ್ತು ತಿರುಗಿಸಿ ಮೂಡಣ ದಿಕ್ಕಿಗೆ ಹೊಂದಿಸಿಕೊಂಡರು. ತಾಂಡೂರು 1956ರವರೆಗೆ ಕಲಬುರಗಿ ಜಿಲ್ಲೆಯಲ್ಲೇ ಇದ್ದದ್ದು. ಹಾಗಾಗಿ ಕಾಕಾನ ಒಂದು ಮಾತಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇರುತ್ತವೆ. ಆ ಹೊತ್ತು ಮಾತ್ರ ಅಚ್ಚ ಕನ್ನಡ. ಬೆರಳು ಮಡಚಿ ಲೆಕ್ಕ ಹಾಕಿದರು. “ತಮ್ಮಾ, ನಡುವಿನ ಕಟ್ಟಿಗಿ ಒಂಬತ್ತು ಮೆಟ್ಟಲ, ಮೆಟ್ಟಲಕ್ಕ ಏಳು ಇಂಚು. ಐದೂಕಾಲು ಅಡಿ ಆಯ್ತು. ಅದರಾಗ ಸ್ಲ್ಯಾಬ್ ಕಳಿ. ಅದರ ಕೆಳಗ ನೀ ಬಚ್ಚಲ ಬಾಗಲಾ ಇಟ್ಟೀದಿ. ನಿಮ್ಮ ಮಾಮಾ ದಿನಾ ಬಾಗಿ ನಮಸ್ಕಾರ ಮಾಡಿ ಜಳಕಕ್ಕ ಹೋಗಬೇಕೇನು?”

ಐದು ವರ್ಷ, ಹದಿನೈದು ಸೆಕೆಂಡು.

ಬಾಗಿಲು ಸರಿಯಿತು. ಅದರ ಹಿಂದೆ ಬಚ್ಚಲು, ಅದರ ಹಿಂದೆ ಅಡುಗೆ ಮನೆ, ಹೀಗೆ ನನ್ನ ಪ್ಲಾನೇ ಸರಿದು ಸರಿದು ಗೌಂಡಿ ಕಾಕಾನ ಪ್ಲಾನಾಯಿತು. ನೆಲಕ್ಕಾದರೂ ಪರ್ಸಿ ಹಾಕೋಣ ಎಂದೆ. ದೊಡ್ಡ ದೊಡ್ಡ ಪೇಟೆಯವರು ಹುಡುಕಿ ಹಾಕಿಸಿಕೊಳ್ಳುತ್ತಾರೆ ಎಂದು ಫೋಟೋ ತೋರಿಸಿದೆ. ಮಾಮಾಗೆ ನಿಜವಾಗಿ ಬೇಜಾರಾಯಿತು. “ಹುಟ್ಟಿದಾಗಿಂದ ಪರ್ಸಿ ಮ್ಯಾಲೆ ಮಲಗೀನಿ. ಈಗರೆ ಟೈಲ್ಸ್ ಹಾಕಬಾರದೇನೋ?” ಇದಕ್ಕೆ ಯಾವ ಜ್ಯೂರಿಯಲ್ಲೂ ಉತ್ತರ ಕಲಿಸಿರಲಿಲ್ಲ.

ಕೊನೆಗೆ ಹಿತ್ತಲಲ್ಲಿ ಅತ್ತೆಗೆ ಒಗೆಯುವ ಕಲ್ಲು ಮಾಡಿಸುವ ಕೆಲಸ ನನಗೆ ಉಳಿಯಿತು. ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡೆ. ಅತ್ತೆಯ ಸೊಂಟದ ಎತ್ತರ ಅಳೆದೆ, ನೀರು ಕಾಲಿಗೆ ಬೀಳದೆ ಬಾಳೆಗಿಡಕ್ಕೆ ಹರಿಯುವಂತೆ ಇಳಿಜಾರು ಕೊಟ್ಟೆ, ಠಣ್ ಅನ್ನುವ ಪರ್ಸಿಯನ್ನೇ ಆರಿಸಿದೆ.

ಮನಿ ಶಾಂತಿಯ ದಿನ ಗೌಂಡಿ ಕಾಕಾಗೆ ಧೋತರ ಆಯೇರು ಮಾಡಿದರು. ಬಂದವರೆಲ್ಲ ಟೈಲ್ಸ್ ಹೊಗಳಿದರು. ಊಟವಾದ ಮೇಲೆ ಪಕ್ಕದ ಮನೆಯ ಅಜ್ಜಿ ಹಿತ್ತಲಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನೇ ಹುಡುಕಿದಳು.

“ಒಗಿಯೋ ಕಲ್ಲು ನೀನೇ ಮಾಡಿಸಿದೇನೋ ಯಪ್ಪಾ? ನಮಗೂ ಅಂಥಾದ್ದೊಂದು ಬೇಕು. ಏಟ್ ತಗೋತಿ?”

ಫೀಸು ಎಷ್ಟೆಂದು ಯಾರಾದರೂ ಕೇಳಿದ್ದು ಅದೇ ಮೊದಲು. ಏನು ಹೇಳಬೇಕೆಂದು ತಿಳಿಯದೆ ಗೌಂಡಿ ಕಾಕಾನ ಮುಖ ನೋಡಿದೆ.