ಎರಡು ಬೆರಳಷ್ಟು ಆಚೆಗೆ

ಆ ವರ್ಷದ ಕರಿಮೆಣಸಿನ ದುಡ್ಡಿನಲ್ಲಿ ಮನೆಗೆ ಹೊಸ ಹೆಂಚು ಹೊದಿಸುವುದೆಂದು ತೀರ್ಮಾನವಾಗಿತ್ತು. ತೀರ್ಮಾನಿಸಿದವನೂ ನಾನೇ. ಹಾಗಿರುವಾಗ ಹೆಂಚು ನೋಡಲು ಮೈಸೂರಿಗೆ ಹೋದವನು ನಾಲ್ಕು ಅಲಾಯ್ ವೀಲ್ ಹೊತ್ತುಕೊಂಡು ಬಂದಾಗ ನನ್ನವಳಿಗೆ ಬೈಯಲು ಮಾತೇ ಸಿಗಲಿಲ್ಲ. "ಸೋರುವ ಕಡೆ ಇವನ್ನು ಮುಚ್ಚುವುದೋ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಕಾರು ಯಾವುದೆಂದು ಹೇಳುವುದಿಲ್ಲ, ಅದರ ತಪ್ಪೇನೂ ಇಲ್ಲ. ಸಣ್ಣ ಕಾರು. ಹದಿನಾಲ್ಕು ಇಂಚಿನ ಕಬ್ಬಿಣದ ಡಿಸ್ಕು, 165/80 ಟಯರು. ಎಂಟು ವರ್ಷ ಅದರಲ್ಲಿ ಓಡಾಡಿದರೂ ನನಗೆ ಯಾವ ಕೊರತೆಯೂ ಕಂಡಿರಲಿಲ್ಲ. ಒಮ್ಮೆ ಗೋಣಿಕೊಪ್ಪ ಕಡೆ, ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ನೋಡಲು ಹೋದಾಗ, ಬದುವಿನ ಮೇಲೆ ಇದೇ ಜಾತಿಯ ಇನ್ನೊಂದು ಕಾರು ನಿಂತಿತ್ತು. ಅಗಲ ಗಾಲಿ, ಮಡ್‌ಗಾರ್ಡ್ ತುಂಬಿ ತುಳುಕುವ ಟಯರು, ಕುಸ್ತಿಗೆ ನಿಂತ ಪೈಲ್ವಾನನ ಠೀವಿ. ತಿರುಗಿ ನನ್ನದನ್ನು ನೋಡಿದೆ. ಪಡಿತರದ ಸಾಲಿನಲ್ಲಿ ನಿಂತವರ ಹಾಗೆ ಕಾಲು ಜೋಡಿಸಿಕೊಂಡು ನಿಂತಿತ್ತು. ಅಂದಿನಿಂದ ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಜಾಗ ನನ್ನ ನಿದ್ದೆ ತಿನ್ನತೊಡಗಿತು.

ಲೆಕ್ಕ ಹಾಕದೆ ಕೊಂಡವನಲ್ಲ ನಾನು. ನಾಚಿಕೆಯಾಗುವುದೂ ಅದಕ್ಕೇ. ತೋಟದ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಹನ್ನೊಂದು ಪುಟ ಬರೆದಿದ್ದೆ. ಗಾಲಿಯ ಅಗಲದ ನಡುಗೆರೆಗೂ ಅದು ಹಬ್ಬಿಗೆ ಒರಗಿ ಕೂರುವ ಮೈಗೂ ಇರುವ ದೂರವೇ ಆಫ್‌ಸೆಟ್. ಗಾಲಿಯ ಮೇಲೆ 'ಇಟಿ' ಎಂದು ಅಚ್ಚೊತ್ತಿರುತ್ತಾರೆ, ಐನ್‌ಪ್ರೆಸ್‌ಟೀಫೆ ಎಂಬ ಜರ್ಮನ್ ಪದದ ಮೊಟಕು. ನಮ್ಮ ಕಾರುಗಳಲ್ಲಿ ಈ ಅಂಕಿ ಹೆಚ್ಚಿದಷ್ಟೂ ಗಾಲಿ ಒಳಗೆ ಸರಿಯುತ್ತದೆ, ಇಳಿದಷ್ಟೂ ಹೊರಗೆ ಇಣುಕುತ್ತದೆ. ಹಳೆಯದು 5 ಇಂಚು ಅಗಲ, ಇಟಿ 45. ಅರ್ಧ ಅಗಲ 63.5 ಮಿ.ಮೀ.; ಅದರಲ್ಲಿ 45 ಕಳೆದರೆ ಗಾಲಿಯ ಅಂಚು ಹಬ್ಬಿನಿಂದ 18.5 ಹೊರಗೆ. 6 ಇಂಚಿನದು ಹಾಕಿ ಇಟಿ ಅಷ್ಟೇ ಉಳಿಸಿದರೆ ಹೊರಕ್ಕೆ 12.7 ಹೆಚ್ಚು, ಒಳಕ್ಕೂ ಅಷ್ಟೇ. ಯಾರಿಗೂ ನೋವಿಲ್ಲ. "ಇದೇ ಸರಿ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಗೆರೆಗಳು ಈಗಲೂ ಇವೆ.

ಅಂಗಡಿಯ ಹುಡುಗ ಒಂದೇ ಮಾತು ಹೇಳಿದ: "ಸಾರ್, ಆರು ಇಂಚು ಹಾಕಿದ್ರೆ ಹಾಕಿದ್ದೇ ಗೊತ್ತಾಗಲ್ಲ." ಹನ್ನೊಂದು ಪುಟ ಅಲ್ಲೇ ನೀರು ಪಾಲು. 7 ಇಂಚು, ಇಟಿ 35 ಕೊಂಡೆ. 88.9ರಲ್ಲಿ 35 ಹೋದರೆ 53.9; ಅಂದರೆ ಮೊದಲಿಗಿಂತ 35.4 ಮಿ.ಮೀ. ಆಚೆಗೆ. ಎರಡು ಬೆರಳಿನ ಅಗಲ. ಟಯರು 195/55, ಹದಿನಾರು ಇಂಚು. ಒಟ್ಟು ಎತ್ತರದಲ್ಲಿ ಹಳೆಯದಕ್ಕೂ ಇದಕ್ಕೂ ಒಂದೂವರೆ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿಲ್ಲವೆಂದು ಸಿಕ್ಕವರಿಗೆಲ್ಲ ಹೇಳಿದೆ. ರಬ್ಬರಿನ ಗೋಡೆ 132ರಿಂದ 107ಕ್ಕೆ ಇಳಿದದ್ದನ್ನು ಯಾರಿಗೂ ಹೇಳಲಿಲ್ಲ. ನಮ್ಮ ರಸ್ತೆಗಳಲ್ಲಿ ಬೆನ್ನು ಉಳಿಯುವುದು ಆ ಗೋಡೆಯಿಂದ. ತೂತುಗಳ ಪಿಸಿಡಿ, ಬೋರಿನ ರಿಂಗು ಇತ್ಯಾದಿ ಪುರಾಣ ಬಿಟ್ಟುಬಿಡುತ್ತೇನೆ.

ಕೈಲ್ ಮುಹೂರ್ತದ ಬೆಳಿಗ್ಗೆ ದೇವರ ಕೋಣೆಯಲ್ಲಿ ತೋಕ್‌ಪೂ ಸಿಕ್ಕಿಸಿದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳ ಸಾಲಿನ ಕೊನೆಯಲ್ಲಿ ಒಂದು ಗಾಲಿಯನ್ನೂ ಇಟ್ಟು ಗಂಧ ಹಚ್ಚಿದೆ. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದು ಯಾವ ಆಯುಧ ಮಗ?"

"ಅಲಾಯ್, ದೊಡ್ಡಪ್ಪ."

"ಯಾರ ಮೇಲೆ ಪ್ರಯೋಗ?"

ಪೂಜೆಯಾದ ಮೇಲೆ ನಾಲ್ಕೂ ಕೂರಿಸಿದೆ. ಟಯರು ಎಲ್ಲಿ ಉಜ್ಜುತ್ತದೆಂದು ತಿಳಿಯಲು ಮಡ್‌ಗಾರ್ಡಿನ ಒಳಮೈಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ಓಡಿಸಿ ನೋಡುವ ಕ್ರಮ ಉಂಟು. ಮೂರು ತಿಂಗಳ ಮಳೆ ಕುಡಿದ ನಮ್ಮ ಮಣ್ಣು ಉಂಡೆಯೇ ಆಗಲಿಲ್ಲ, ಬೆರಳ ಸಂದಿಯಲ್ಲಿ ಸೋರಿಹೋಯಿತು. ಆಗ ಅಡುಗೆಮನೆಯಿಂದ ಹಬೆ ಬಂತು. ಹಬ್ಬದ ಕಡಂಬುಟ್ಟು. ಅಕ್ಕಿ ತರಿಯ ಉಂಡೆ. ದುಂಡಗೆ, ಬಿಸಿಬಿಸಿ, ಹಿಡಿದರೆ ಅಂಟು, ಒತ್ತಿದರೆ ಗುರುತು ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯ ಉಪಕರಣ ಜರ್ಮನಿಯಲ್ಲೂ ಇರಲಾರದು. ನನ್ನವಳು ಪಂದಿಕರಿಗೆ ಕಾಚಂಪುಳಿ ಹಾಕಲು ಅತ್ತ ತಿರುಗಿದ ಹೊತ್ತು ನೋಡಿ ಎಂಟು ಎತ್ತಿದೆ. ಗಾಲಿಗೆ ಎರಡರಂತೆ, ನೆತ್ತಿಗೊಂದು, ಮುಂಬದಿಗೊಂದು, ಮಡ್‌ಗಾರ್ಡಿನೊಳಗೆ ಒತ್ತಿ ಕೂರಿಸಿದೆ. ಬೆರಳು ಸುಟ್ಟಿತು. ವಿಜ್ಞಾನಿಗಳಿಗೆ ಇದೆಲ್ಲ ಇದ್ದದ್ದೇ.

ಭಾರ ಬೇಕಿತ್ತು. ಮುಂದೆ ದೊಡ್ಡಪ್ಪ ಕೂತರು. ಹಿಂದೆ ಇಬ್ಬರು ಅಳಿಯಂದಿರು, ನಡುವೆ ಭಾವ. ಭಾವನನ್ನು ಶುದ್ಧ ತೂಕದ ದೃಷ್ಟಿಯಿಂದಲೇ ಆರಿಸಿದ್ದು. ಅವರಿಗೆ ಗೌರವವೆಂದು ಹೇಳಿದ್ದೆ. ಗೇಟಿನಿಂದ ಅಂಗನವಾಡಿಯ ಹಂಪಿನವರೆಗೆ ಹೋಗಿ, ಅಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ವಾಪಸು ಬರುವುದು. ಮೊದಲ ಗುಂಡಿಯಲ್ಲಿ ಎಡಕ್ಕೆ 'ಪಚ್' ಎಂದಿತು. "ಒಂದು," ಎಂದರು ದೊಡ್ಡಪ್ಪ. ಹಂಪಿನ ಮೇಲೆ ಹಿಂದಿನಿಂದ ಎರಡು ಬಾರಿ ಪಚ್ ಪಚ್. "ಮೂರು." ಮನೆಯ ನಾಯಿ ಅಷ್ಟರಲ್ಲಿ ವಿಷಯ ಅರಿತು ಕಾರಿನ ಹಿಂದೆ ಓಡಿ ಬರುತ್ತಿತ್ತು, ಅದರ ಹಿಂದೆ ಪಕ್ಕದ ಲೈನ್‌ಮನೆಯ ಎರಡು ನಾಯಿಗಳು. ತಿರುವಿನಲ್ಲಿ ನಿಂತ ಹಾಲಿನವನು ಸಣ್ಣ ಮೆರವಣಿಗೆಯೆಂದು ಭಾವಿಸಿ ಬದಿಗೆ ಸರಿದು ಕೈಮುಗಿದ.

ಅಂಗಳದಲ್ಲಿ ಟಾರ್ಚು ಹಿಡಿದು ಕಾರಿನಡಿ ಮಲಗಿದೆ. ಮುಂದಿನ ಎಡಗಡೆಯದು ಒಡಿಕತ್ತಿಯಲ್ಲಿ ಕಡಿದಂತೆ ಎರಡು ಹೋಳು. ಬಲಗಡೆಯವೆರಡೂ ನಾಪತ್ತೆ, ನಾಯಿ ತುಟಿ ನೆಕ್ಕುತ್ತಿತ್ತು. ಹಿಂದಿನವು, ಭಾವನ ಕೃಪೆಯಿಂದ, ರೊಟ್ಟಿಯಾಗಿದ್ದವು. ಒಂದನ್ನು ಕಿತ್ತು ಬೆಳಕಿಗೆ ಹಿಡಿದೆ. ಟಯರಿನ ಗೆರೆಗಳೆಲ್ಲ ಶಾವಿಗೆಯಂತೆ ಎಳೆ ಎಳೆಯಾಗಿ ಮೂಡಿದ್ದವು. ದೊಡ್ಡಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ ಹೇಳಿದರು: "ಕಡಂಬುಟ್ಟು ಹಾಕಿದರೆ ನೂಪುಟ್ಟು ಬರುತ್ತದೆ. ಮೆಣಸಿನ ದುಡ್ಡು ದಂಡವಾಗಲಿಲ್ಲ."

ಊಟಕ್ಕೆ ಎಂಟು ಕಮ್ಮಿ ಬಿತ್ತು. ಯಾರು ತಿನ್ನದೆ ಎದ್ದರೆಂದು ಬೇರೆ ಹೇಳಬೇಕಿಲ್ಲ.

ಅಷ್ಟಾದರೂ ಗಾಲಿ ಬಿಚ್ಚಲಿಲ್ಲ. ಅಳಿಯನೊಬ್ಬ ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಮಡಚಿಸಿಕೊಟ್ಟ. ಇನ್ನೊಬ್ಬ, ಸ್ಪ್ರಿಂಗ್ ಬದಲಿಸಿ ಕಾರನ್ನು ಎತ್ತರಿಸಿ ಎಂದ. ಈ ಹುಡುಗರಿಗೆ ಒಂದು ತಪ್ಪಿನ ಮೇಲೆ ಇನ್ನೊಂದನ್ನು ಕಟ್ಟುವುದೇ ಎಂಜಿನಿಯರಿಂಗ್. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದು, ಗುಂಡಿಗೆ ಬಿದ್ದು ರಿಮ್ ಸೊಟ್ಟ ಮಾಡಿಕೊಂಡು, ರಸ್ತೆ ಸರಿಯಿಲ್ಲವೆಂದು ನಮ್ಮನ್ನೇ ದಬಾಯಿಸುವವರನ್ನು ಕಂಡು ನಗುತ್ತಿದ್ದ ನಾನು, ಈಗ ಅವರ ಪಕ್ಕದಲ್ಲೇ ಟಯರಿನ ಅಂಗಡಿಯ ಚೇಟನ ಮುಂದೆ ಸರದಿ ಕಾಯುತ್ತಿದ್ದೆ. ಮಾಕುಟ್ಟ ಇಳಿದು ಕೇರಳದ ಇರಿಟ್ಟಿ ಕಡೆಗೆ ಹೋಗುವುದನ್ನಂತೂ ನಿಲ್ಲಿಸಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವ ಊರಿನವರು ನಾವು, ಗಾಲಿಗೆ ಇಲ್ಲ.

ತುಲಾ ಮಾಸದ ಒಂದು ಸಂಜೆ ಸಿದ್ದಾಪುರದಿಂದ ಬರುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಎಸ್ಟೇಟಿನ ಗೇಟಿನ ಬಳಿ ಕೆಲಸದ ಹೆಂಗಸರು ಐದಾರು ಮಂದಿ ತಲೆಗೆ ಪ್ಲಾಸ್ಟಿಕ್ ಹೊದ್ದು ಪಿಕಪ್ಪಿಗೆ ಕಾಯುತ್ತಿದ್ದರು. ನಾನು ಜೋರಾಗಿಯೂ ಹೋಗಲಿಲ್ಲ. ಎರಡು ಬೆರಳು ಸರಿದು ಮಡ್‌ಗಾರ್ಡಿನಿಂದ ಆಚೆಗೆ ಇಣುಕುತ್ತಿದ್ದ ಗಾಲಿ ಗುಂಡಿಯ ಕೆಂಪು ನೀರನ್ನೆಲ್ಲ ಎತ್ತಿ ಅವರ ಮೇಲೆ ಸುರಿದದ್ದು ಕನ್ನಡಿಯಲ್ಲಿ ಕಂಡಿತು. ನಿಲ್ಲಿಸಿ ಹಿಂದಕ್ಕೆ ಬಂದೆ. ಒಬ್ಬಾಕೆ ಬುತ್ತಿಯ ಮುಚ್ಚಳವನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಅವಳ ಕಣ್ಣ ರೆಪ್ಪೆಯ ಮೇಲೂ ಕೆಸರು. ನಾನು ಬಾಯಿ ತೆರೆಯುವ ಮೊದಲೇ, "ಹೋಗಿ ಸಾರ್, ಮಳೆಗಾಲ ಅಲ್ವಾ," ಎಂದಳು. ನನಗೆ ಬೇಕಾದ ನೆಪವನ್ನೂ ಅವಳೇ ಕೊಟ್ಟಳು.

ಮಡ್‌ಗಾರ್ಡ್ ಇರುವುದು ಗಾಲಿಗೆ ಚೌಕಟ್ಟು ಹಾಕಿದಂತೆ ಕಾಣಲು ಎಂದುಕೊಂಡು ಹನ್ನೊಂದು ಪುಟ ಬರೆದವನು ನಾನು. ಅಪ್ಪನ ಜೀಪಿಗಿದ್ದದ್ದು 6.00-16ರ ಸಣಕಲು ಟಯರು. ಅದು ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಹುಡುಕುತ್ತಿತ್ತು, ಎಷ್ಟೇ ಮಳೆಗೂ ಮೂಟೆ ಹೊತ್ತು ತೋಟದಿಂದ ಮೇಲೆ ಬರುತ್ತಿತ್ತು. ಅದರ ಆಫ್‌ಸೆಟ್ ಎಷ್ಟೆಂದು ಅಪ್ಪ ಒಮ್ಮೆಯೂ ಕೇಳಿದವರಲ್ಲ.

ಅಂದು ರಾತ್ರಿಯೇ ಟಾರ್ಚಿನ ಬೆಳಕಿನಲ್ಲಿ ಹಳೆಯ ಡಿಸ್ಕು ಹಾಕಿದೆ. ಅಲಾಯ್‌ಗಳನ್ನು ಮಾರಲು ನೋಡಿದೆ, ಅಂಗಡಿಯವನು ಹೇಳಿದ ಬೆಲೆ ಕೇಳಿ ವಾಪಸು ತಂದೆ. ಈಗ ಕಾಫಿ ಒಣಗುವ ಕಾಲ. ಏಳು ಇಂಚಿನ ನಾಲ್ಕೂ ಗಾಲಿಗಳು ಕಣದಲ್ಲಿವೆ, ರಾತ್ರಿ ಕಾಫಿಗೆ ಮುಚ್ಚುವ ಟಾರ್ಪಾಲಿನ ಮೂಲೆಗೊಂದರಂತೆ. ಇಷ್ಟು ದಿನದಲ್ಲಿ ಟಾರ್ಪಾಲು ಒಮ್ಮೆಯೂ ಗಾಳಿಗೆ ಹಾರಿಲ್ಲ.