ಗ್ಲಟ್ ಪ್ರತಿಷ್ಠಾಪನಾ ವಿಧಿ: ಒಂದು ಸಂಶೋಧನಾತ್ಮಕ ವಿಚಾರ

ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಲೈಬ್ರರಿ 1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿ ಅವತರಿಸಿತೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಚಿತ್ರ ಬರೆಯಬಲ್ಲದು, ಆದರೆ ಬರೆಯಲು ಒಂದು ಕಿಟಕಿ ತೆರೆಯಲು ಬಾರದು; ಈ ಕೊರತೆ ನೀಗಲೆಂದು ಮಾರ್ಕ್ ಕಿಲ್ಗಾರ್ಡ್ ರಚಿಸಿದ್ದೇ ಗ್ಲಟ್. ಜಗಳ ಶುರುವಾಗುವುದು ಅದನ್ನು ವಿಂಡೋಸಿನಲ್ಲಿ ಪ್ರೋಗ್ರಾಮ್ ಬರೆಯುವ ತಂತ್ರಾಂಶವಾದ ಕೋಡ್‌ಬ್ಲಾಕ್ಸ್‌ಗೆ ಎಲ್ಲಿ ತಂದಿಡಬೇಕೆಂಬಲ್ಲಿ. ಪ್ರಸ್ತುತ ಪ್ರಬಂಧಕಾರನು ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ಲಿನಲ್ಲಿ ಹನ್ನೊಂದರಿಂದ ಮೂರರವರೆಗೆ ಈ ಕುರಿತು ಕ್ಷೇತ್ರಕಾರ್ಯ ಕೈಗೊಂಡಿದ್ದನು.

ಗ್ಲಟ್ ಬರುವುದು ಮೂರು ತುಂಡಾಗಿ. ಹೆಡರ್ ಎಂಬುದು ಮದುವೆ ಊಟದ ಪಟ್ಟಿ: ಹೋಳಿಗೆ ಉಂಟು ಎನ್ನುತ್ತದೆ, ಬಡಿಸುವುದಿಲ್ಲ. ಲಿಬ್ ಫೈಲು ಅಡುಗೆ ಭಟ್ಟರ ವಿಳಾಸ. ಡಿಎಲ್‌ಎಲ್ ಸಾಕ್ಷಾತ್ ಭಟ್ಟರು. ಕಂಪೈಲರ್ ಪಟ್ಟಿ ನೋಡಿಯೇ ತೃಪ್ತ. ಲಿಂಕರ್ ವಿಳಾಸ ಕೇಳುತ್ತದೆ. ಸಿಗದಿದ್ದರೆ 'ಅನ್‌ಡಿಫೈನ್ಡ್ ರೆಫರೆನ್ಸ್' ಎಂದು ಸಾಲುಸಾಲಾಗಿ ಗೋಳಾಡುತ್ತದೆ. ಭಟ್ಟರೇ ಬಂದಿಲ್ಲವೆಂಬುದು ಗೊತ್ತಾಗುವುದು ಎಲೆ ಹಾಕಿದ ಮೇಲೆ, ಅಂದರೆ ರನ್ ಒತ್ತಿದಾಗ. ಅಷ್ಟರಲ್ಲಿ 'ಜೀರೋ ಎರರ್ಸ್' ಎಂದು ವಾಲಗ ಊದಿ ಆಗಿರುತ್ತದೆ.

ಭಟ್ಟರನ್ನು ಎಲ್ಲಿ ಕೂರಿಸಬೇಕು? ಫೈಲಿನ ಹೆಸರು ಗ್ಲಟ್32, ಆದ್ದರಿಂದ ಸಿಸ್ಟಮ್32ಕ್ಕೆ ಸೇರತಕ್ಕದ್ದು ಎಂಬುದು ಪೂರ್ವಪಕ್ಷ. ಇದು ತರ್ಕಬದ್ಧ, ಆದ್ದರಿಂದಲೇ ತಪ್ಪು. 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಫೋಲ್ಡರು 64 ಬಿಟ್ಟಿನವರ ಬಿಡಾರ; ಗ್ಲಟ್32 ಸಹಿತ 32 ಬಿಟ್ಟಿನವರು ವಾಸಿಸುವುದು ಸಿಸ್‌ವಾವ್64ರಲ್ಲಿ. ಲಿಪಿಕಾರನ ಪ್ರಮಾದವೆಂದು ಮೊದಲು ಶಂಕಿಸಿದ್ದೆ. ಅಲ್ಲ; ಹಳೆಯ ಪ್ರೋಗ್ರಾಮುಗಳು ಆ ವಿಳಾಸಕ್ಕೇ ಒಗ್ಗಿಹೋಗಿದ್ದವೆಂದು ಹೆಸರು ಹಾಗೇ ಉಳಿಯಿತು. ನಮ್ಮೂರಿನ ಅತಿ ಹಳೆಯ ಮನೆತನಕ್ಕೆ ಹೊಸಮನೆಯವರು ಎನ್ನುವುದಿಲ್ಲವೆ?

ಬೆಳಿಗ್ಗೆ ಲ್ಯಾಬ್ ಅಟೆಂಡರು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು, ಎಕ್ಸಿ ಫೈಲಿನ ಪಕ್ಕದಲ್ಲೇ ಡಿಎಲ್‌ಎಲ್ ಪೇಸ್ಟ್ ಮಾಡಿದರು. ಓಡಿತು. ಶಾಸ್ತ್ರಾಧಾರ ಕೇಳಿದೆ. "ಓಡ್ತಲ್ಲ, ಸುಮ್ನಿರಿ" ಎಂದರು. (ಆಧಾರ ಇದೆ: ವಿಂಡೋಸ್ ಮೊದಲು ಹುಡುಕುವುದು ಪ್ರೋಗ್ರಾಮಿನ ಸ್ವಂತ ಫೋಲ್ಡರಿನಲ್ಲೇ. ಅವರಿಗದು ಬೇಕಿರಲಿಲ್ಲ.)

ಪರದೆಯ ಮೇಲೆ ಮೂಡಿದ್ದು ಗ್ಲಟ್ ತನ್ನೊಳಗೇ ಹೊತ್ತು ತರುವ ಟೀಪಾಟು. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ ಮನೆಯ ಟೀಪಾಟನ್ನು ನೋಡಿ ಅಂಕಿಗಳಿಗೆ ಇಳಿಸಿದ್ದು. ಆ ಮೂಲಪ್ರತಿಗೆ ತಳವೇ ಇರಲಿಲ್ಲ, ಆಮೇಲೆ ಹಚ್ಚಿದರು. ಪರೀಕ್ಷಕರು ಅದು ತಿರುಗುವುದನ್ನು ಎರಡು ಸುತ್ತು ನೋಡಿ, ಕ್ಯಾಂಟೀನು ತೆರೆದಿದೆಯೇ ಎಂದು ಕೇಳಿದರು.