ಹದಿನಾಲ್ಕು ಕೆಜಿ ಗೂಬೆ

ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂದು ಗೂಬೆ ಕೂತಿತ್ತು. ತೂಕ 14 ಕೆಜಿ. ತಲೆಗೆ ಹಳೇ ಪಂಪಿನ ಪುಲ್ಲಿ, ಕಣ್ಣಿಗೆ ಎರಡು ಬೇರಿಂಗ್, ಕೊಕ್ಕಿಗೆ ಮುರಿದ ಕಟಿಂಗ್ ಪ್ಲೇಯರ್, ರೆಕ್ಕೆಗೆ ಬೈಕಿನ ಚೈನು. ಗೂಬೆಯನ್ನು ಇನ್ನೊಬ್ಬರ ತಲೆಯ ಮೇಲೆ ಕೂರಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಸ್ವಂತ ಖರ್ಚಿನಲ್ಲಿ, ಸ್ವಂತ ಮನೆಯ ಮುಂದೆ, ಬೆಸುಗೆ ಹಾಕಿ ಕೂರಿಸಿಕೊಂಡವನು ಬಹುಶಃ ನಾನೊಬ್ಬನೇ.

ಇದಕ್ಕೆಲ್ಲ ಕಾರಣ ಡಾಕ್ಟರು. ಬಿಪಿ ನೋಡಿ, ‘ಏನಾದರೂ ಹವ್ಯಾಸ ಇಟ್ಟುಕೊಳ್ಳಿ’ ಅಂದರು. ಆಫೀಸಿನಲ್ಲಿ ಒಬ್ಬ ಬ್ರೆಡ್ಡು ಸುಡುತ್ತಿದ್ದ, ಇನ್ನೊಬ್ಬ ಮಂಚದ ಕೆಳಗೆ ಅಣಬೆ ಬೆಳೆಯುತ್ತಿದ್ದ. ನಾನು ವಿಡಿಯೋ ನೋಡಿದೆ. ಯಾವುದೋ ದೇಶದ ಗಡ್ಡದವನೊಬ್ಬ ಹನ್ನೆರಡು ನಿಮಿಷದಲ್ಲಿ ಸ್ಪ್ಯಾನರು, ಬೋಲ್ಟು ಸೇರಿಸಿ ಗೂಬೆ ಮಾಡಿ, ಪಕ್ಕದಲ್ಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದ. ಅವನ ಗುಜರಿ ನಮ್ಮ ಅಂಗಡಿಗಳ ಹೊಸ ಮಾಲಿಗಿಂತ ಫಳಫಳ ಹೊಳೆಯುತ್ತಿತ್ತು. ಅದು ಗಮನಕ್ಕೆ ಬರಬೇಕಿತ್ತು, ಬರಲಿಲ್ಲ. ಅಂದೇ ರಾತ್ರಿ ಮೊಬೈಲಿನಲ್ಲೇ 200 ಆಂಪ್ಸಿನ ಇನ್ವರ್ಟರ್ ವೆಲ್ಡಿಂಗ್ ಮಷೀನು ತರಿಸಿದೆ. ಬಿಪಿ ಮಾತ್ರೆ ದಿನಕ್ಕೆ ಒಂದಿದ್ದದ್ದು ಈಗ ಎರಡಾಗಿದೆ.

ವಿಡಿಯೋ ನೋಡಿ ಈಜು ಕಲಿಯಬಹುದೇನೋ, ವೆಲ್ಡಿಂಗ್ ಬರುವುದಿಲ್ಲ. ರಾಡು ಮುಟ್ಟಿಸಿದರೆ ಕಬ್ಬಿಣಕ್ಕೆ ಕಚ್ಚಿಕೊಂಡು ಕೂರುತ್ತಿತ್ತು, ಎಳೆದರೆ ಮಷೀನೇ ಜೊತೆಗೆ ಬರುತ್ತಿತ್ತು. ಕೊನೆಗೆ ನಮ್ಮ ರಸ್ತೆ ಮೂಲೆಯ ಗ್ರಿಲ್ ಅಂಗಡಿಯ ಮೇಸ್ತ್ರಿಯ ಕಾಲು ಹಿಡಿದೆ. ಮೂವತ್ತು ವರ್ಷದಿಂದ ಈ ಬಡಾವಣೆಯ ಗೇಟು, ಕಿಟಕಿ, ಮೆಟ್ಟಿಲ ಕಂಬಿಗಳಿಗೆಲ್ಲ ಬೆಂಕಿ ಮುಟ್ಟಿಸಿದ ಕೈ ಅದು. ‘ಬೆಂಕಿಕಡ್ಡಿ ಗೀರಿದಂಗೆ ಗೀರಿ ಸಾರ್, ಒತ್ತಬೇಡಿ’ ಅಂದರು. ಅಷ್ಟೇ ಪಾಠ, ಅಷ್ಟೇ ಪಠ್ಯ. ಫೀಸು ಒಂದು ಟೀ. ವಾರ ಬಿಟ್ಟು ನನ್ನ ಮೊದಲ ಜೋಡಣೆಯನ್ನು ಹೆಮ್ಮೆಯಿಂದ ಒಯ್ದು ತೋರಿಸಿದೆ. ಸುತ್ತಿಗೆಯಲ್ಲಿ ಕಿಟ್ಟ ಕುಟ್ಟಿ ಉದುರಿಸಿ, ಬೆಳಕಿಗೆ ಹಿಡಿದು, ‘ಇದು ಬೆಸುಗೆನಾ ಸಾರ್, ಸಂಡಿಗೆನಾ?’ ಅಂದರು.

ಆ ಮೇಲೆ ಬಂದ ದೀಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದೇ ಒಂದು ಟ್ಯಾಕ್ ಅಲ್ಲವೇ ಅಂತ ಮುಖಕ್ಕೆ ಶೀಲ್ಡ್ ಹಿಡಿಯದೆ ಕೂತ ದಿನ, ರಾತ್ರಿ ಎರಡು ಗಂಟೆಗೆ ಕಣ್ಣಿನೊಳಗೆ ಯಾರೋ ಒಂದು ಲೋಡು ಮರಳು ಇಳಿಸಿದ ಹಾಗಾಯಿತು. ಹೆಂಡತಿ ಆಲೂಗೆಡ್ಡೆ ಬಿಲ್ಲೆ ಕೊಯ್ದು ಕಣ್ಣ ಮೇಲಿಟ್ಟು, ‘ಪಲ್ಯಕ್ಕೆ ಅಂತ ತಂದಿದ್ದೆ’ ಅಂದಳು. ಇನ್ನೊಮ್ಮೆ ಹಳೇ ಜಿಐ ಪೈಪಿಗೆ ಬೆಸುಗೆ ಹಾಕಿ ಅದರ ಸತುವಿನ ಹೊಗೆ ಕುಡಿದು ರಾತ್ರಿಯೆಲ್ಲ ಚಳಿಜ್ವರ. ಮನೆಯವರು ಡೆಂಗ್ಯೂ ಅಂದುಕೊಂಡು ಪ್ಲೇಟ್‌ಲೆಟ್ ಎಣಿಸಿದರು. ಬೆಳಿಗ್ಗೆಗೆ ಜ್ವರ ತಾನೇ ಇಳಿದುಹೋಯಿತು. ಮೇಸ್ತ್ರಿಗೆ ಇದೆಲ್ಲ ಸುದ್ದಿಯೇ ಅಲ್ಲ. ‘ನಮ್ ಹುಡುಗ್ರಿಗೆ ತಿಂಗಳಿಗೊಂದ್ಸಲ ಬರ್ತದೆ, ಬೆಲ್ಲ ತಿಂದು ಕೆಲಸಕ್ಕೆ ಬರ್ತಾರೆ.’ ನಾನು ಎರಡು ದಿನ ರಜೆ ಹಾಕಿದ್ದೆ. ಗೆಳೆಯರ ಗುಂಪಿನಲ್ಲಿ ‘ಕಲೆಗಾಗಿ ದೇಹವನ್ನು ದಂಡಿಸಿದ ದಿನಗಳು’ ಅಂತ ಫೋಟೋ ಸಮೇತ ಹಾಕಿದೆ. ನಲವತ್ತು ಜನ ಕೈ ಮುಗಿದರು.

ಗುಜರಿಯ ಬೇಟೆ ಇನ್ನೊಂದು ಪುರಾಣ. ಮೊದಲು ಭಾನುವಾರದ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರು, ಆಮೇಲೆ ಜಾಲಿ ಮೊಹಲ್ಲಾ. ಗುಜರಿಯವರ ತಕ್ಕಡಿಗೆ ಜಗತ್ತಿನ ಸಮಸ್ತವೂ ಕಬ್ಬಿಣ, ಬೀಡು, ತಗಡು, ಹಿತ್ತಾಳೆ ಅಂತ ನಾಲ್ಕೈದು ಜಾತಿ ಮಾತ್ರ. ವಿಮಾನ ಬಂದರೂ ಬಿಚ್ಚಿ ಇದರೊಳಗೇ ಹಾಕುತ್ತಾರೆ. ನಾನು ಹೋಗಿ, ‘ಭಾಯ್, ಹಲ್ಲು ಸವೆದ ಗೇರು, ಹಳೇ ಚೈನು ಇದೆಯಾ?’ ಅಂದೆ. ಕಿಲೋಗೆ ಮೂವತ್ತರ ಆಸುಪಾಸಿನ ಮಾಲು. ಭಾಯ್ ನನ್ನ ಶೂ ನೋಡಿದರು, ಚೌಕುಳಿ ಅಂಗಿ ನೋಡಿದರು, ಕತ್ತಿಗೆ ನೇತುಬಿದ್ದ ಕ್ಯಾಮೆರಾ ನೋಡಿದರು. ‘ಆರ್ಟ್‌ಗಾ ಸಾರ್?’ ಹೌದು ಅಂದುಬಿಟ್ಟೆ. ‘ಹಂಗಾದ್ರೆ ನೂರಿಪ್ಪತ್ತು.’ ಬೆಂಗಳೂರಿನಲ್ಲಿ ಕಲೆಗೆ ಬೆಲೆ ಇಲ್ಲ ಅನ್ನುವವರನ್ನು ಒಮ್ಮೆ ಅಲ್ಲಿಗೆ ಕಳಿಸಿಕೊಡಿ.

ಸರ್ಕಾರದ ಲೆಕ್ಕ ಮಾತ್ರ ಇದಕ್ಕೆ ಉಲ್ಟಾ. ಕಬ್ಬಿಣದ ಗುಜರಿಗೆ ಜಿಎಸ್‌ಟಿ ಶೇ 18. ಅದೇ ಗುಜರಿ ಶಿಲ್ಪವಾಗಿ ಎದ್ದು ನಿಂತರೆ, 2025ರ ಸೆಪ್ಟೆಂಬರಿನ ದರ ಬದಲಾವಣೆಯ ನಂತರ, ಶೇ 5. ನಾನಿದನ್ನು ಕಲೆಗೆ ಸಿಕ್ಕ ಗೌರವ ಅಂದುಕೊಂಡೆ. ಎದುರುಮನೆಯ ನಿವೃತ್ತ ಆಡಿಟರ್ ರಾಯರು ಕನ್ನಡಕ ಸರಿಮಾಡಿಕೊಂಡು, ‘ನೀನು ಕೈ ಹಾಕಿದ ಮೇಲೆ ಮಾಲು ಹದಿಮೂರು ಪರ್ಸೆಂಟು ಇಳೀತು ಅಂತ ತಾನೇ ಅರ್ಥ?’ ಅಂದರು.

ಮನೆಯಲ್ಲಿ ಗುಜರಿ ಮೊಣಕಾಲಿನವರೆಗೆ ಏರಿದಾಗ ಹೆಂಡತಿ ಸಭೆ ಕರೆದಳು. ನಾನು ದೆಹಲಿಯನ್ನು ಸಾಕ್ಷಿಗೆ ಕರೆದೆ. ‘ಅಲ್ಲಿ ಸರಾಯ್ ಕಾಲೇ ಖಾನ್ ಹತ್ತಿರ 2019ರಲ್ಲೇ ಪಾರ್ಕು ಮಾಡಿದ್ದಾರೆ. ತಾಜ್ ಮಹಲು, ಐಫೆಲ್ ಟವರು, ಜಗತ್ತಿನ ಏಳೂ ಅದ್ಭುತಗಳನ್ನು ಗುಜರಿಯಲ್ಲೇ ಕಟ್ಟಿದ್ದಾರೆ. ಸುಮಾರು 150 ಟನ್ ಕಣೇ!’

‘ಟಿಕೆಟ್ ಇಟ್ಟಿದಾರಾ?’

‘ಇಟ್ಟಿದಾರೆ.’

‘ಹಾಗಾದ್ರೆ ನೀವೂ ಗೇಟಿನ ಹತ್ರ ಕೂತ್ಕೊಳ್ಳಿ. ನಾನು ಒಳಗೆ ಬರೋಕೆ ಎಷ್ಟು ಕೊಡ್ಬೇಕು ಹೇಳಿ.’

ಅಂತೂ ಪಕ್ಕದ ಅಪಾರ್ಟ್‌ಮೆಂಟಿನ ಕಲಾಮೇಳದಲ್ಲಿ ಮೇಜು ಸಿಕ್ಕಿತು. ಶನಿವಾರ, ಭಾನುವಾರ ಎರಡು ದಿನ. ನಮ್ಮ ಜನ ಶನಿವಾರ ಕಬ್ಬಿಣ ಕೊಳ್ಳುವುದಿಲ್ಲ ಎಂಬ ಸತ್ಯ ಶನಿವಾರ ಮಧ್ಯಾಹ್ನ ಹೊಳೆಯಿತು. ಎಣ್ಣೆ, ಕಬ್ಬಿಣ ಎರಡೂ ಶನಿಮಹಾತ್ಮನ ಖಾತೆ. ಒಬ್ಬ ತಾಯಿ ಸ್ಪಾರ್ಕ್ ಪ್ಲಗ್ಗಿನ ಇರುವೆಯನ್ನು ಮಗುವಿನ ಕೈಯಿಂದ ಕಸಿದು ಮೇಜಿನ ಮೇಲೆ ಹಾವು ಬಿಟ್ಟಂತೆ ಬಿಟ್ಟರು. ಇನ್ನು ಗೂಬೆ! ವಿಡಿಯೋದ ಗಡ್ಡದವನ ಊರಿನಲ್ಲಿ ಅದು ವಿವೇಕದ ಹಕ್ಕಿಯಂತೆ. ನಮ್ಮೂರಲ್ಲಿ ಗೂಬೆ ಮನೆ ಮೇಲೆ ಕೂತರೆ ಶಾಂತಿ ಮಾಡಿಸುತ್ತಾರೆ. ಅಂಥದ್ದನ್ನು 18,000 ರೂಪಾಯಿ ಕೊಟ್ಟು ಹಾಲ್‌ನಲ್ಲಿ ಇಟ್ಟುಕೊಳ್ಳಿ ಅಂತ ನಾನು ಎರಡು ದಿನ ನಗುಮುಖದಿಂದ ಕೇಳಿಕೊಂಡೆ.

ಗಿರಾಕಿಗಳಲ್ಲಿ ಮೂರು ಬಗೆ. ‘ಇದನ್ನ ನಾನೂ ಮಾಡಬಲ್ಲೆ’ ಅನ್ನುವವರು ಮೊದಲನೆಯವರು. ಮಾಡುವುದಿಲ್ಲ, ಕೊಳ್ಳುವುದೂ ಇಲ್ಲ, ಪಕ್ಕದಲ್ಲಿ ನಿಂತು ಬೇರೆಯವರಿಗೆ ಅಡ್ಡವಾಗುತ್ತಾರೆ. ಎರಡನೆಯವರು ತೂಕ ಕೇಳುವವರು. ಆಡಿಟರ್ ರಾಯರು ಗೂಬೆಯನ್ನು ಎತ್ತಿ ನೋಡಿ, ‘14 ಕೆಜಿ, ಮೂವತ್ತರಂತೆ 420. ಕೈಕೆಲಸಕ್ಕೆ 80 ಹಾಕ್ಕೋ. ಐನೂರಕ್ಕೆ ಕೊಡಯ್ಯ’ ಅಂದರು. ಮೂರನೆಯವರು ‘ಗಣೇಶ ಇಲ್ವಾ?’ ಅನ್ನುವವರು. ಇಡೀ ಭಾನುವಾರ ಅದೇ ಪ್ರಶ್ನೆ. ಸರಿ, ಮೇಳ ಮುಗಿದ ಮೇಲೆ ಸೈಲೆನ್ಸರಿನ ಸೊಂಡಿಲಿಟ್ಟು ಗಣಪತಿಯನ್ನೂ ಮಾಡಲು ಕೂತೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ನನ್ನದು ಅವರಪ್ಪನವರೆಗೂ ಹೋಗಲಿಲ್ಲ, ಆನೆಯಲ್ಲೇ ನಿಂತಿತು. ಅದೂ ಕೊಂಚ ಹಂದಿಯ ಕಡೆಗೇ ವಾಲಿತ್ತು.

ಹತಾಶನಾಗಿ ಮೇಸ್ತ್ರಿಯ ಅಂಗಡಿಗೆ ಹೋಗಿ ಪಿಕಾಸೋನ ಕಥೆ ಹೇಳಿದೆ. 1942ರಲ್ಲಿ ಆ ಮಹಾನುಭಾವ ಒಂದು ಸೈಕಲ್ ಸೀಟಿಗೆ ಹ್ಯಾಂಡಲ್ ಸೇರಿಸಿ ಗೂಳಿಯ ತಲೆ ಮಾಡಿದ, ಇವತ್ತಿಗೂ ಜಗತ್ತು ಅದರ ಮುಂದೆ ನಿಂತು ತಲೆದೂಗುತ್ತದೆ ಅಂತ.

‘ಮಿಕ್ಕಿದ ಸೈಕಲ್ ಏನಾಯ್ತು ಸಾರ್?’ ಅಂದರು ಮೇಸ್ತ್ರಿ.

ಉತ್ತರ ಇರಲಿಲ್ಲ. ಆದರೆ ಆ ಕಥೆಯ ಇನ್ನೊಂದು ತುದಿ ನನಗೆ ಗೊತ್ತಿತ್ತು, ಹೇಳಲಿಲ್ಲ. ಪಿಕಾಸೋನನ್ನು ಕಬ್ಬಿಣದ ಬೆಸುಗೆಯ ಕೆಲಸದಲ್ಲಿ ಕೈಹಿಡಿದು ನಡೆಸಿದವನು ಹೂಲಿಯೋ ಗೊನ್ಸಾಲೆಸ್ ಎಂಬ ಸ್ಪೇನಿನ ಲೋಹಕಾರ. ಅಕ್ಕಸಾಲಿಗರ ಮನೆಯವನು, 1918ರಲ್ಲಿ ಪ್ಯಾರಿಸ್ ಪಕ್ಕದ ರೆನೋ ಕಾರ್ಖಾನೆಯಲ್ಲಿ ದುಡಿಯುತ್ತಾ ವೆಲ್ಡಿಂಗ್ ಕಲಿತವನು. ಹತ್ತು ವರ್ಷದ ಮೇಲೆ ಇಬ್ಬರೂ ಜೊತೆಗೂಡಿದರು. ಪಿಕಾಸೋ ಯಾರೆಂದು ನಮ್ಮ ಆಡಿಟರ್ ರಾಯರಿಗೂ ಗೊತ್ತು. ಗೊನ್ಸಾಲೆಸ್ ಯಾರೆಂದು ಹೇಳಲು ನನಗೆ ಮೂರು ವಾಕ್ಯ ಬೇಕಾಯಿತು. ಮೇಸ್ತ್ರಿಗೆ ಇದನ್ನು ಹೇಳಿದರೆ ಟೀ ಜೊತೆ ಬನ್ನನ್ನೂ ಕೇಳಬಹುದು ಅಂತ ಸುಮ್ಮನಾದೆ.

ಆ ಹೊತ್ತಿಗೆ ಕೃಪೆ ಒಳಾಂಗಣ ವಿನ್ಯಾಸಕಿಯ ರೂಪದಲ್ಲಿ ಬಂತು. ಇಂದಿರಾನಗರದಲ್ಲಿ ಹೊಸ ಪಬ್ಬೊಂದಕ್ಕೆ ಅಲಂಕಾರ ಮಾಡುತ್ತಿದ್ದರು. ರಾತ್ರಿಯೆಲ್ಲ ಎಚ್ಚರವಿರುವ ಹಕ್ಕಿಯೇ ಬೇಕಿತ್ತು. ಗೂಬೆಯ ಸುತ್ತ ಮೂರು ಸುತ್ತು ಬಂದು, ‘ಸರ್, ಇದು ತುಂಬಾ ಕ್ಲೀನ್ ಆಗಿದೆ’ ಅಂದರು. ಎರಡು ದಿನ ಗ್ರೈಂಡರ್ ಹಿಡಿದು ತುಕ್ಕು ಕೆರೆದು, ಎರಡು ಕೋಟು ವಾರ್ನಿಷ್ ಬಳಿದಿದ್ದೆ. ‘ತುಕ್ಕು ಬೇಕು ಸರ್. ತುಕ್ಕಲ್ಲೇ ಕಥೆ ಇರೋದು.’ ಸರಿ, ವಾರ್ನಿಷ್ ಕೆರೆದೆ. ವಿನೆಗರ್, ಉಪ್ಪುನೀರು ಸಿಂಪಡಿಸಿ ಬಿಸಿಲಿಗಿಟ್ಟೆ. ಮೂರು ದಿನದಲ್ಲಿ ಗೂಬೆ ಪುರಾತನವಾಯಿತು. ಬೆಲೆಯೂ 22,000ಕ್ಕೆ ಏರಿತು. ಅದೇ ವಾರ ನಮ್ಮ ಬೀದಿಯಲ್ಲೊಬ್ಬರು ಹೊಸ ಗೇಟಿನ ಕೆಳಮೂಲೆಯಲ್ಲಿ ಕಾಸಗಲ ತುಕ್ಕು ಕಂಡಿತೆಂದು ಮೇಸ್ತ್ರಿಯ ಬಾಕಿ ನಾಲ್ಕು ಸಾವಿರ ತಡೆಹಿಡಿದಿದ್ದರು. ಆ ತುಕ್ಕಿನಲ್ಲಿ ಕಥೆ ಇರಲಿಲ್ಲ.

ಬೆಸುಗೆಯ ವಿಷಯವೂ ಅಷ್ಟೇ. ಮೇಸ್ತ್ರಿಯ ಕೆಲಸದಲ್ಲಿ ಒಂದು ಉಬ್ಬು ಕಂಡರೆ ‘ಫಿನಿಶಿಂಗ್ ಇಲ್ಲ’ ಅಂತ ಕಿಲೋ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ. ನನ್ನ ಸಂಡಿಗೆಗಳನ್ನು ಬೆರಳಿನಿಂದ ಸವರಿ ವಿನ್ಯಾಸಕಿ, ‘ಎಷ್ಟು ಚೆನ್ನಾಗಿದೆ ಟೆಕ್ಸ್ಚರ್! ಮನುಷ್ಯನ ಕೈ ಕಾಣುತ್ತೆ’ ಅಂದರು. ಮನುಷ್ಯನ ಕೈ ಅಂದರೆ ಬಾರದ ಕೈ ಅಂತ ನಾನು ತಿದ್ದಲು ಹೋಗಲಿಲ್ಲ. ಗೂಬೆಗೆ ಒಂದು ಚೀಟಿ ಬೇಕು ಅಂದರು, ‘ಲೋಹಮೌನ – 3’ ಅಂತ ಬರೆದುಕೊಟ್ಟೆ. 1 ಮತ್ತು 2 ಎಲ್ಲಿ ಅಂತ ಯಾರೂ ಕೇಳುವುದಿಲ್ಲ.

ಕಳಿಸುವ ಹಿಂದಿನ ರಾತ್ರಿ ಪೋರ್ಟಿಕೋದಲ್ಲಿ ‘ಟಣ್’ ಅಂತ ಶಬ್ದವಾಯಿತು. ಹೋಗಿ ನೋಡಿದರೆ ಗೂಬೆಯ ತಲೆ ಒಂದು ಕಡೆ, ಮೈ ಒಂದು ಕಡೆ. ಹೆಂಡತಿ ನಿದ್ದೆಗಣ್ಣಲ್ಲೇ, ‘ಒಳ್ಳೇದಾಯ್ತು, ದೋಷ ಹೋಯ್ತು’ ಅಂದಳು.

ಬೆಳಗಾಗುವ ಮೊದಲೇ ಎರಡೂ ತುಂಡು ಹೊತ್ತು ಮೇಸ್ತ್ರಿಯ ಬಾಗಿಲಲ್ಲಿ ನಿಂತೆ. ಪುಲ್ಲಿಯನ್ನು ಬೆರಳಲ್ಲಿ ತಟ್ಟಿ ನೋಡಿ, ‘ಇದು ಬೀಡು ಸಾರ್. ಬೀಡಿಗೆ ಮಾಮೂಲಿ ರಾಡು ನಿಲ್ಲಲ್ಲ, ತಣ್ಣಗಾಗ್ತಾ ಸೀಳ್ತದೆ’ ಅಂದರು. ಬಿರುಕನ್ನು ಗ್ರೈಂಡರಿನಲ್ಲಿ ಕಾಲುವೆಯಂತೆ ತೋಡಿದರು. ಗ್ಯಾಸಿನ ಉರಿಯಲ್ಲಿ ಪುಲ್ಲಿಯನ್ನು ನಿಧಾನ ಕಾಯಿಸಿದರು. ಬೀರುವಿನಿಂದ ನಿಕಲ್ ರಾಡು ತೆಗೆದರು. ಮಾಮೂಲಿ ರಾಡು ಹತ್ತು ರೂಪಾಯಿಯ ಒಳಗೆ, ಇದು ಒಂದೊಂದೂ ನೂರು ದಾಟುತ್ತದೆ, ಎರಡು ಖರ್ಚಾದವು. ಬೆರಳುದ್ದ ಬೆಸುಗೆ, ಒಡನೆ ಸಣ್ಣ ಸುತ್ತಿಗೆಯಲ್ಲಿ ಹತ್ತಾರು ಮೆಲು ಪೆಟ್ಟು, ಮತ್ತೆ ಬೆರಳುದ್ದ. ಕೊನೆಗೆ ಇಡೀ ತಲೆಯನ್ನು ಬೂದಿಯಲ್ಲಿ ಹೂತು, ‘ಸಂಜೆವರ್ಗೂ ಮುಟ್ಟಬೇಡಿ, ಮೆಲ್ಲಗೆ ಆರ್ಬೇಕು’ ಅಂದರು. ಆ ದಿನದ ಗ್ರಿಲ್ ಕೆಲಸ ಹುಡುಗರ ಕೈಗೆ ಬಿಟ್ಟಿದ್ದರು. ಸಂಜೆ ಬೂದಿ ಕೆದಕಿ ತೆಗೆದಾಗ ಗೂಬೆಯ ಕತ್ತಿನ ಸುತ್ತ ಜಡೆ ಹೆಣೆದ ಹಾಗೆ ಒಂದೇ ಸಮದ ಗೆರೆ. ಇಡೀ ಹಕ್ಕಿಯಲ್ಲಿ ಬೆಸುಗೆ ಅನ್ನಿಸಿಕೊಳ್ಳುವಂಥದ್ದು ಅದೊಂದೇ.

ಪಬ್ಬಿನಲ್ಲಿ ವಿನ್ಯಾಸಕಿ ಗೂಬೆಯನ್ನು ದೀಪದ ಕೆಳಗಿಟ್ಟು ನೋಡಿದರು. ಮುಖ ಸಣ್ಣದಾಯಿತು.

‘ಸರ್, ಕತ್ತಿನ ಹತ್ರ ಮಾತ್ರ ಯಾಕೋ ಫ್ಯಾಕ್ಟರಿ ಮಾಲಿನ ಥರ ಕಾಣ್ತಿದೆ. ನಿಮ್ಮ ಕೈ ಇಲ್ಲಿಲ್ಲ. ಸ್ವಲ್ಪ ಸರಿಮಾಡ್ತೀರಾ?’

ಮಷೀನು ಕಾರಿನಲ್ಲೇ ಇತ್ತು. ಮೇಸ್ತ್ರಿಯ ಗೆರೆಯ ಮೇಲೆ ನಾಲ್ಕು ಸಂಡಿಗೆ ಇಟ್ಟೆ. ‘ಈಗ ಬಂತು ನೋಡಿ ಜೀವ’ ಅಂತ ಅವರು ಅಲ್ಲೇ ಮೊಬೈಲಿನಲ್ಲಿ 22,000 ಹಾಕಿದರು.

ಬರುವ ದಾರಿಯಲ್ಲಿ ಮೇಸ್ತ್ರಿಯ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ರಾಡು, ಗ್ಯಾಸು, ಒಂದು ದಿನದ ಕೆಲಸ ಎಲ್ಲ ಸೇರಿ 600 ಕೇಳಿದರು. ಖಾಯಂ ಗಿರಾಕಿ ಅಂತ ಚೌಕಾಸಿ ಮಾಡಿ 500 ಕೊಟ್ಟು ಬಂದೆ.